ನಿಜವಾದ ಮಾತೂ ತಪ್ಪು ಉತ್ತರವಾಗುತ್ತದೆ

ಪರೀಕ್ಷೆಯಲ್ಲಿ ಗದ್ಯಭಾಗ ಕೊಟ್ಟು ಕೇಳುವ ಪ್ರಶ್ನೆಗಳಲ್ಲಿ ಅಂಕ ಕಳೆದುಕೊಳ್ಳುವವರೆಲ್ಲ ಓದಲು ಬಾರದವರಲ್ಲ. ಎಷ್ಟೋ ಸಲ ಚೆನ್ನಾಗಿ ಓದಿಕೊಂಡವರೇ ಎಡವುತ್ತಾರೆ. ಗದ್ಯ ಹೇಳಿದ್ದನ್ನು ಬಿಟ್ಟು ತಮಗೆ ಮೊದಲೇ ಗೊತ್ತಿದ್ದುದಕ್ಕೆ ಗುರುತು ಹಾಕುತ್ತಾರೆ. ಕೇಳಿದರೆ, "ಇದು ನಿಜ ತಾನೇ ಸಾರ್?" ಎನ್ನುತ್ತಾರೆ. ನಿಜವೇ ಇರಬಹುದು, ಆದರೆ ಪ್ರಶ್ನೆ ಅದಲ್ಲ.

ಹೀಗೊಂದು ಗದ್ಯವಿದೆ ಎಂದುಕೊಳ್ಳಿ: "ಜೇನ್ನೊಣಗಳ ಸಂಖ್ಯೆ ಕುಸಿಯಲು ಕೀಟನಾಶಕವೇ ಕಾರಣವೆಂದು ಕೆಲವರು ಶಂಕಿಸುತ್ತಾರೆ. ಆದರೆ ಕೀಟನಾಶಕ ತಲುಪದ ಪ್ರದೇಶಗಳಲ್ಲೂ ಕುಸಿತ ಕಂಡಿದೆ." ಇದರಿಂದ ಏನನ್ನು ಊಹಿಸಬಹುದು?

ಅ) ಕೀಟನಾಶಕ ಜೇನ್ನೊಣಗಳಿಗೆ ಹಾನಿಕರ.
ಆ) ಕುಸಿತಕ್ಕೂ ಕೀಟನಾಶಕಕ್ಕೂ ಸಂಬಂಧವಿಲ್ಲ.
ಇ) ಎಲ್ಲ ಕಡೆಯ ಕುಸಿತಕ್ಕೂ ಕೀಟನಾಶಕವೊಂದೇ ಕಾರಣವಲ್ಲ.

ಬಹಳಷ್ಟು ಮಂದಿ 'ಅ' ಆರಿಸುತ್ತಾರೆ. ಅದು ಪಠ್ಯಪುಸ್ತಕದಲ್ಲಿ ಓದಿದ ಸಂಗತಿ. ಈ ಗದ್ಯದಲ್ಲಿರುವುದು ಕೆಲವರ ಶಂಕೆ ಮಾತ್ರ. 'ಆ' ಗದ್ಯಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದೆ, ಒಂದು ಕಡೆ ಕಾರಣವಲ್ಲದ್ದು ಇನ್ನೊಂದು ಕಡೆ ಕಾರಣವಾಗಿರಬಹುದು. ಉಳಿದ 'ಇ' ಸಪ್ಪೆಯಾಗಿ ಕಾಣುತ್ತದೆ, ಸರಿಯುತ್ತರ ಅದೇ. ಊಹೆಯ ಪ್ರಶ್ನೆಗಳಲ್ಲಿ ಸರಿಯುತ್ತರ ಹೀಗೆ ಸಪ್ಪೆಯಾಗಿರುವುದೇ ಹೆಚ್ಚು.

ಹಾಗಾಗಿ ಪ್ರಶ್ನೆ ಓದಿದ ಕೂಡಲೇ ಆಯ್ಕೆಗಳತ್ತ ಕಣ್ಣು ಹಾಯಿಸಬೇಡಿ. ಗದ್ಯಕ್ಕೆ ಮರಳಿ ಸಂಬಂಧಪಟ್ಟ ಸಾಲನ್ನು, ಅದರ ಹಿಂದಿನ ಮತ್ತು ಮುಂದಿನ ಸಾಲನ್ನೂ ಓದಿ, ನಾಲ್ಕೈದು ಪದಗಳಲ್ಲಿ ನಿಮ್ಮದೇ ಉತ್ತರ ಕಟ್ಟಿಕೊಳ್ಳಿ. ಆಮೇಲೆ ಆಯ್ಕೆಗಳನ್ನು ನೋಡಿ, ಬೆರಳಿಟ್ಟು ತೋರಿಸಲು ಸಾಲು ಸಿಗದ ಆಯ್ಕೆಯನ್ನು ಹೊಡೆದುಹಾಕಿ. ಗದ್ಯದ ಮುಖ್ಯ ಆಶಯ ಕೇಳಿದಾಗ ಒಂದೇ ಸಾಲು ಸಾಲದು. ಅಲ್ಲಿ ಒಂದು ಪ್ಯಾರಾಕ್ಕಷ್ಟೇ ಹೊಂದುವ ಆಯ್ಕೆಯನ್ನು ಬಿಡಬೇಕು.

'ಎಲ್ಲ', 'ಎಂದಿಗೂ', 'ಮಾತ್ರ' ಎಂಬ ಪದ ಕಂಡರೆ ಸಾಕು, ಆಯ್ಕೆ ತಪ್ಪು ಎಂದು ಕೆಲವರು ಕಲಿಸುತ್ತಾರೆ. ಅದನ್ನು ಕುರುಡಾಗಿ ನಂಬಬೇಡಿ. ಮೇಲಿನ ಸರಿಯುತ್ತರದಲ್ಲೇ 'ಎಲ್ಲ' ಇದೆ.

ಇಂಗ್ಲಿಷ್ ಭಾಷಾ ಪರೀಕ್ಷೆಯಾದ ಐಇಎಲ್‌ಟಿಎಸ್‌ನಲ್ಲಿ 'ಸುಳ್ಳು' ಮತ್ತು 'ಹೇಳಿಲ್ಲ' ಎಂಬ ಆಯ್ಕೆಗಳ ನಡುವೆ ಮುಗ್ಗರಿಸುವುದೂ ಗದ್ಯ ಬಿಟ್ಟು ತಮಗೆ ಗೊತ್ತಿದ್ದುದನ್ನು ನಂಬುವುದರಿಂದಲೇ. 'ಸುಳ್ಳು' ಎನ್ನಲು ಗದ್ಯದಲ್ಲಿ ಹೇಳಿಕೆಗೆ ವಿರುದ್ಧವಾದ ಮಾತು ಇರಲೇಬೇಕು. ಅಲ್ಲಿ ಓದುವ ವಿಭಾಗದಲ್ಲಿ 40 ಪ್ರಶ್ನೆಗೆ 60 ನಿಮಿಷ. ಒಂದು ನಿಮಿಷ ಹುಡುಕಿಯೂ ಆ ಮಾತು ಸಿಗದಿದ್ದರೆ 'ಹೇಳಿಲ್ಲ' ಎಂದು ಬರೆದು ಮುಂದೆ ಹೋಗಿ, ತಪ್ಪಿದರೂ ಅಲ್ಲಿ ಅಂಕ ಕಡಿತವಿಲ್ಲ. ಎಂಬಿಎ ಪ್ರವೇಶ ಪರೀಕ್ಷೆಯಾದ ಕ್ಯಾಟ್‌ನಲ್ಲಿ ಬಹು ಆಯ್ಕೆಯ ಪ್ರಶ್ನೆ ತಪ್ಪಾದರೆ ಒಂದು ಅಂಕ ಹೋಗುತ್ತದೆ. ಯಾವ ಆಯ್ಕೆಯನ್ನೂ ಹೊಡೆದುಹಾಕಲು ಆಗದಿದ್ದರೆ ಆ ಪ್ರಶ್ನೆಯನ್ನು ಬಿಟ್ಟುಬಿಡಿ.