ಟೊಮೆಟೊ ಬೆಲೆ ಏರಿದರೂ ರಿಸರ್ವ್ ಬ್ಯಾಂಕ್ ಬಡ್ಡಿ ಏರಿಸಲಿಲ್ಲವೇಕೆ?

ಓದುಗರ ಪ್ರಶ್ನೆ: 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು, ಹಣದುಬ್ಬರವೂ ಜಿಗಿದಿತ್ತು. ಆದರೂ ರಿಸರ್ವ್ ಬ್ಯಾಂಕ್ ಬಡ್ಡಿ ದರ ಏರಿಸಲಿಲ್ಲ. ಅಲ್ಲಿನ ಅರ್ಥಶಾಸ್ತ್ರಜ್ಞರು ನಮ್ಮ ಮಂಡಿಯ ಬೆಲೆಯನ್ನು ಗಮನಿಸುವುದಿಲ್ಲವೇ?

ಉತ್ತರ: ಗಮನಿಸುತ್ತಾರೆ; ಆ ಏರಿಕೆಯ ಮೂಲ ತಿಳಿದಿದ್ದರಿಂದಲೇ ಬಡ್ಡಿಯನ್ನು ಇದ್ದಲ್ಲಿಯೇ ಬಿಟ್ಟರು.

ಹಣದುಬ್ಬರವನ್ನು ಅಳೆಯುವ ಗ್ರಾಹಕ ಬೆಲೆ ಸೂಚ್ಯಂಕವನ್ನು ಸಿದ್ಧಪಡಿಸುವುದು ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಂಖ್ಯಿಕ ಕಚೇರಿಯೇ ಹೊರತು ರಿಸರ್ವ್ ಬ್ಯಾಂಕ್ ಅಲ್ಲ. 2012ನ್ನು ಆಧಾರ ವರ್ಷವಾಗಿಟ್ಟ, ಆಗ ಬಳಕೆಯಲ್ಲಿದ್ದ ಸರಣಿಯಲ್ಲಿ ಟೊಮೆಟೊದ ತೂಕ, ಅಂದರೆ ಕುಟುಂಬದ ಒಟ್ಟು ಖರ್ಚಿನಲ್ಲಿ ಅದರ ಪಾಲು, ಶೇ 0.57 ಮಾತ್ರ. ಆದರೂ ಅದರ ಬೆಲೆ ಹಿಂದಿನ ವರ್ಷದ ಮೂರು ಪಟ್ಟು ತಲುಪಿದ್ದರಿಂದ, ಇತರ ತರಕಾರಿಗಳ ಏರಿಕೆಯೂ ಜೊತೆಗೂಡಿ, ಜೂನ್‌ನಲ್ಲಿ ಶೇ 5ರ ಒಳಗಿದ್ದ ಹಣದುಬ್ಬರ ಜುಲೈನಲ್ಲಿ ಶೇ 7.44ಕ್ಕೆ ಏರಿತು. ಬ್ಯಾಂಕಿಗೆ ನಿಗದಿಯಾಗಿರುವ ಗುರಿ ಶೇ 4, ಸಹಿಸಬಹುದಾದ ಗರಿಷ್ಠ ಮಿತಿ ಶೇ 6.

ತರಕಾರಿ ಬೆಲೆ ಹೀಗೆ ಏರಿದ್ದರೂ ಆಗಸ್ಟ್‌ನಲ್ಲಿ ಬಡ್ಡಿ ದರ ನಿರ್ಧರಿಸುವ ಹಣಕಾಸು ನೀತಿ ಸಮಿತಿ ರೆಪೊ ದರವನ್ನು (ರಿಸರ್ವ್ ಬ್ಯಾಂಕ್ ಇತರ ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ) ಶೇ 6.5ರಲ್ಲೇ ಉಳಿಸಿತು. ಬಡ್ಡಿ ಏರಿಕೆಯ ಪರಿಣಾಮ ಬೆಲೆಗಳನ್ನು ಮುಟ್ಟಲು ಹಲವು ತ್ರೈಮಾಸಿಕಗಳು ಬೇಕು. ಆದರೆ ಟೊಮೆಟೊ ಸಸಿ ನಾಟಿ ಮಾಡಿದರೆ ಎರಡು–ಎರಡೂವರೆ ತಿಂಗಳಲ್ಲಿ ಹೊಸ ಕಾಯಿ ಮಂಡಿಗೆ ಬರುತ್ತದೆ. ಸೆಪ್ಟೆಂಬರ್ ವೇಳೆಗೆ ಹಣದುಬ್ಬರ ಶೇ 5ರ ಆಸುಪಾಸಿಗೆ ಇಳಿದೇ ಇಳಿಯಿತು. ಟೊಮೆಟೊ ಬೆಲೆಯ ಅದೇ ಇಳಿಕೆಯಿಂದ, ಜುಲೈನ ಬೆಲೆ ನೋಡಿ ಸಾಲ ಮಾಡಿ ನಾಟಿ ಮಾಡಿದ ರೈತನಿಗೆ ಏನಾಗಿತ್ತು ಎಂಬುದನ್ನು ಕೋಲಾರದವರಿಗೆ ವಿವರಿಸಬೇಕಾಗಿಲ್ಲ.

ತರಕಾರಿಯ ಏರಿಕೆ ಕೂಲಿ, ಬಾಡಿಗೆ, ಹೋಟೆಲ್ ಊಟಕ್ಕೂ ಹರಡಿದರೆ ಮಾತು ಬೇರೆ. ಅದರ ಸುಳಿವಿಗಾಗಿಯೇ ಬ್ಯಾಂಕ್ 2005ರಿಂದ, ಬೆಲೆಗಳು ಮುಂದೆ ಎಷ್ಟು ಏರಬಹುದೆಂದು ನಗರಗಳ ಕುಟುಂಬಗಳನ್ನು ಕೇಳುತ್ತಾ ಬಂದಿದೆ.

ಬಡ್ಡಿ ಏರಿದರೆ ಸಾಲಗಾರರ ಕಂತೂ ಭಾರವಾಗುತ್ತದೆ. 2010ರಿಂದ ಪ್ರಕಟವಾಗುತ್ತಿರುವ, ಈಗ ವರ್ಷಕ್ಕೆರಡು ಬಾರಿ ಬರುವ ರಿಸರ್ವ್ ಬ್ಯಾಂಕಿನ ಹಣಕಾಸು ಸ್ಥಿರತಾ ವರದಿಯಲ್ಲಿ, ಆರ್ಥಿಕತೆ ತೀವ್ರವಾಗಿ ಕುಸಿದರೆ ವಸೂಲಾಗದ ಸಾಲ ಎಷ್ಟಾಗಬಹುದು, ಆ ನಷ್ಟ ತಾಳಲು ಬ್ಯಾಂಕುಗಳ ಬಂಡವಾಳ ಸಾಲುತ್ತದೆಯೇ ಎಂಬ ಒತ್ತಡ ಪರೀಕ್ಷೆಯಿರುತ್ತದೆ.

ನನ್ನ ಮಟ್ಟಿಗೆ ಕೋಲಾರಕ್ಕೆ ಎಲ್ಲಕ್ಕಿಂತ ಹತ್ತಿರದ ಕೆಲಸವೆಂದರೆ ಟೊಮೆಟೊ, ಈರುಳ್ಳಿ, ಆಲೂಗಡ್ಡೆ ಕುರಿತು ಬ್ಯಾಂಕ್ 2024ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಬಂಧ. ಗ್ರಾಹಕ ಟೊಮೆಟೊಗೆ ಕೊಡುವ ಪ್ರತಿ ರೂಪಾಯಿಯಲ್ಲಿ ರೈತನಿಗೆ ತಲುಪುವುದು ಸುಮಾರು 33 ಪೈಸೆ ಎಂದು ಅದು ಲೆಕ್ಕ ಹಾಕಿದೆ. ಇದು ಆ ಪ್ರಬಂಧದ ಲೇಖಕರ ಅಭಿಪ್ರಾಯ, ಬ್ಯಾಂಕಿನ ಅಧಿಕೃತ ನಿಲುವಲ್ಲ. ಆದರೂ ಶೈತ್ಯಾಗಾರ, ರೈತರ ಒಕ್ಕೂಟ, ಮಾರುಕಟ್ಟೆ ಸುಧಾರಣೆಗಳನ್ನು ಸರ್ಕಾರದ ಮುಂದಿಟ್ಟು ಕೇಳುವ ಬೆಳೆಗಾರರಿಗೆ ಈ ಅಂಕಿ ಕೈಯಲ್ಲಿರಬೇಕು.