ಹೈಪರ್ ಥೈರಾಯ್ಡ್ ಅಂದ್ರೆ ದಪ್ಪ ಆಗೋದಲ್ಲ

ನಮ್ಮ ವಿಜಯಪುರದ ಕಡೆ ‘ಆಕಿಗೆ ಥೈರಾಯ್ಡ್ ಐತಿ’ ಅಂದರೆ ಸಾಕು, ಊದಿಕೊಂಡ ಹೆಂಗಸೊಬ್ಬಳು ಕಣ್ಮುಂದೆ ಬರುತ್ತಾಳೆ. ಆದರೆ ಥೈರಾಯ್ಡ್ ಕಾಯಿಲೆಯ ಹೆಸರೇ ಅಲ್ಲ. ಎಲ್ಲರ ಕುತ್ತಿಗೆಯ ಮುಂಭಾಗದಲ್ಲೂ ಚಿಟ್ಟೆಯ ಹಾಗೆ ಕೂತಿರುವ ಗ್ರಂಥಿ ಅದು. ಅದರ ಹಾರ್ಮೋನ್ ಕಮ್ಮಿಯಾದರೆ ಹೈಪೋ, ಜಾಸ್ತಿಯಾದರೆ ಹೈಪರ್. ಮೈ ದಪ್ಪ ಆಗೋದು, ಸುಸ್ತಾಗೋದು ಹೈಪೋ ಕಥೆ. ಹೈಪರ್ ಪೂರ್ತಿ ಉಲ್ಟಾ. ಮಕ್ಕಳಲ್ಲಿ ಅಪರೂಪ, ಬಂದರೂ ಬೇಗ ಗೊತ್ತಾಗುವುದಿಲ್ಲ.

ನನ್ನ ಅಕ್ಕನ ಮಗಳಿಗೆ ಆಗ 12 ವರ್ಷ. ‘ನಾಕ್ ರೊಟ್ಟಿ ತಿಂತಾಳ, ಮೈಗೆ ಹತ್ತವಲ್ದು, ದೃಷ್ಟಿ ಆಗೇತಿ’ ಅಂತ ಅವ್ವ ಒಣಮೆಣಸಿನಕಾಯಿ ಇಳಿಸಿದ್ದೇ ಇಳಿಸಿದ್ದು. ಬೇಸಿಗೆಯಲ್ಲಿ ಬೆವೆತರೆ ನಮ್ಮೂರಲ್ಲಿ ಯಾರು ತಲೆ ಕೆಡಿಸಿಕೊಳ್ತಾರೆ, ಅಲ್ವಾ? ಆದರೆ ಹುಡುಗಿ ಜನವರಿಯ ಚಳಿಯಲ್ಲೂ ಕೌದಿ ಒದ್ದು ಮಲಗುತ್ತಿದ್ದಳು. ದುಂಡಗಿದ್ದ ಅಕ್ಷರ ಸೊಟ್ಟಗಾಗಿ ಗೆರೆ ಬಿಟ್ಟು ಇಳಿಯತೊಡಗಿತು. ಪಾಠದ ಮೇಲೆ ಲಕ್ಷ್ಯ ಇಲ್ಲ ಅಂತ ಶಾಲೆಯಿಂದ ದೂರು ಬಂತು, ಎತ್ತರ ಬೇರೆ ಸರ್ರನೆ ಬೆಳೆದಳು, ಎಲ್ಲಾ ವಯಸ್ಸಿನ ಗುಣ ಅಂದುಕೊಂಡು ನಾವು ಆರು ತಿಂಗಳು ಸುಮ್ನೆ ಕಳೆದೆವು. ಕೊನೆಗೆ ಡಾಕ್ಟರು ಅವಳ ಕೈ ಮುಂದೆ ಚಾಚಿಸಿ, ಬೆರಳ ಮೇಲೆ ಒಂದು ಹಾಳೆ ಇಟ್ಟರು. ಫ್ಯಾನ್ ಆಫ್ ಇತ್ತು. ಹಾಳೆ ಪಟಪಟ ಅಂತ ನಡುಗಿತು.

ಅವಳಿಗಿದ್ದದ್ದು ಹೈಪರ್. ಮಕ್ಕಳಲ್ಲಿ ಇದಕ್ಕೆ ಹೆಚ್ಚಾಗಿ ಕಾರಣ ಗ್ರೇವ್ಸ್ ಕಾಯಿಲೆ, 1835ರಲ್ಲಿ ಇದನ್ನು ವಿವರಿಸಿದ ಐರ್ಲೆಂಡಿನ ಡಾಕ್ಟರ್ ರಾಬರ್ಟ್ ಗ್ರೇವ್ಸ್ ಹೆಸರು ಅದಕ್ಕೆ. ಹುಡುಗಿಯರಲ್ಲಿ ಜಾಸ್ತಿ. ಸಾಮಾನ್ಯವಾಗಿ ಮಿದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿ ಟಿಎಸ್‌ಎಚ್ ಅನ್ನೋ ತನ್ನ ಹಾರ್ಮೋನ್ ಕಳಿಸಿ ‘ಕೆಲಸ ಮಾಡು’ ಅಂತ ಥೈರಾಯ್ಡ್‌ಗೆ ಹೇಳುತ್ತದೆ. ಗ್ರೇವ್ಸ್‌ನಲ್ಲಿ ರೋಗದ ವಿರುದ್ಧ ಹೋರಾಡಬೇಕಾದ ಪ್ರತಿಕಾಯಗಳೇ ಟಿಎಸ್‌ಎಚ್ ವೇಷ ಹಾಕಿ ಹುಕುಂ ಕೊಡುತ್ತವೆ, ಪಾಪ ಥೈರಾಯ್ಡ್ ನಂಬಿ ದುಡಿಯುತ್ತಲೇ ಇರುತ್ತದೆ. ರಿಪೋರ್ಟಿನಲ್ಲಿ ಟಿಎಸ್‌ಎಚ್ ತೀರಾ ಕಮ್ಮಿ ಇದ್ದದ್ದು ನೋಡಿ ನಾನು ‘ಥೈರಾಯ್ಡ್ ಕಮ್ಮಿ ಆಗಿದೆ’ ಅಂತ ಅಕ್ಕನಿಗೆ ಫೋನ್ ಮಾಡಿಬಿಟ್ಟಿದ್ದೆ. ತಪ್ಪು. ಹಾರ್ಮೋನ್ ಉಕ್ಕಿ ಹರಿಯುತ್ತಿರುವಾಗ ಪಿಟ್ಯುಟರಿ ಬಾಯಿ ಮುಚ್ಚಿಕೊಳ್ಳುತ್ತದೆ, ಅಷ್ಟೇ. ಥೈರಾಯ್ಡ್ ತಯಾರಿಸುವ ಹಾರ್ಮೋನ್‌ಗಳಾದ ಟಿ3, ಟಿ4 ಮೇಲೇರಿದ್ದವು.

ಚಿಕಿತ್ಸೆಗೆ ಮೊದಲು ಕೊಡುವುದು ಸಾಮಾನ್ಯವಾಗಿ ಕಾರ್ಬಿಮಜೋಲ್ ಮಾತ್ರೆ. ವಾರಗಳಲ್ಲಿ ಮುಗಿಯುವುದಲ್ಲ, ವರ್ಷಗಟ್ಟಲೆ ಬೇಕಾಗುತ್ತದೆ. ಅಪರೂಪಕ್ಕೆ ಈ ಮಾತ್ರೆ ಬಿಳಿ ರಕ್ತಕಣಗಳನ್ನು ತೀರಾ ಇಳಿಸುತ್ತದೆ. ಅದಕ್ಕೇ ಜ್ವರ, ಗಂಟಲುನೋವು ಬಂದರೆ ಮಾತ್ರೆ ನಿಲ್ಲಿಸಿ ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ ಅಂತ ಡಾಕ್ಟರು ಹೇಳಿದ್ದರು. ಅಕ್ಕ ಅದನ್ನು ಚೀಟಿಯಲ್ಲಿ ಬರೆದು ಅಡುಗೆಮನೆಯ ಡಬ್ಬಿಗೆ ಅಂಟಿಸಿದ್ದಾಳೆ, ಅವ್ವ ಅರಿಶಿನ ಹಾಲು ಕೊಟ್ಟು ಸುಮ್ಮನಾಗಬಾರದಲ್ಲ.