ಕಳ್ಳ ಮತ್ತೆ ಅದೇ ಮನೆಗೇ ಯಾಕೆ ಬರುತ್ತಾನೆ?

ಒಂದು ಮನೆಗೆ ಒಮ್ಮೆ ಕನ್ನ ಬಿದ್ದರೆ ಕಳ್ಳರು ಮತ್ತೆ ಆ ಕಡೆ ತಲೆ ಹಾಕಲ್ಲ ಅಂತ ನಾವು ಅಂದುಕೊಳ್ಳುತ್ತೇವೆ. ದೋಚೋಕೆ ಉಳಿದಿರುವುದೇನು, ಅಲ್ವಾ? 1980ರ ದಶಕದಲ್ಲಿ ಇಂಗ್ಲೆಂಡಿನ ಒಂದು ಬಡಾವಣೆಯಲ್ಲಿ ಲೆಕ್ಕ ಹಾಕಿ ನೋಡಿದಾಗ ಇದು ಪೂರ್ತಿ ಉಲ್ಟಾ ಆಯಿತು.

ಮ್ಯಾಂಚೆಸ್ಟರ್ ಪಕ್ಕದ ರಾಚ್‌ಡೇಲ್‌ನಲ್ಲಿರುವ ಆ ಬಡಾವಣೆಯ ಹೆಸರು ಕರ್ಕ್‌ಹೋಲ್ಟ್. 2,200ಕ್ಕೂ ಹೆಚ್ಚು ಮನೆಗಳು, ವಿಪರೀತ ಕಳ್ಳತನ. ಇಂಥ ಕಡೆ ಎಲ್ಲರಿಗೂ ಮೊದಲು ಹೊಳೆಯುವುದು ಗಸ್ತು ಜಾಸ್ತಿ ಮಾಡಿ ಅನ್ನೋದು. ಆದರೆ ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ 1972-73ರಲ್ಲೇ ಇದನ್ನು ಪರೀಕ್ಷಿಸಿದ್ದರು. ಕೆಲವು ಕಡೆ ಮಾಮೂಲಿ ಗಸ್ತು ನಿಲ್ಲಿಸಿದರು, ಕೆಲವು ಕಡೆ ಎರಡು ಮೂರು ಪಟ್ಟು ಮಾಡಿದರು, ಅಪರಾಧದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ.

ಕರ್ಕ್‌ಹೋಲ್ಟ್‌ನಲ್ಲಿ ಪೊಲೀಸರು, ಶಿಕ್ಷೆಯಾದವರನ್ನು ಜೈಲಿನ ಹೊರಗೆ ನೋಡಿಕೊಳ್ಳುವ ಪ್ರೊಬೇಷನ್ ಇಲಾಖೆ ಮತ್ತು ಕೆನ್ ಪೀಸ್ ಅವರಂಥ ಸಂಶೋಧಕರು ಬೇರೆ ದಾರಿ ಹಿಡಿದರು. ಕಳ್ಳತನವಾದ ಮನೆಯವರನ್ನು, ಅಕ್ಕಪಕ್ಕದವರನ್ನು, ಸಿಕ್ಕಿಬಿದ್ದಿದ್ದ ಕಳ್ಳರನ್ನೂ ಕೂರಿಸಿಕೊಂಡು ಮಾತಾಡಿಸಿದರು. ಎರಡು ಸಂಗತಿ ಗೊತ್ತಾದವು. ಒಂದು, ಆಗ ಅಲ್ಲಿ ಗ್ಯಾಸ್, ಕರೆಂಟಿಗೆ ಮನೆಯೊಳಗಿನ ಮೀಟರಿಗೇ ನಾಣ್ಯ ಹಾಕಬೇಕಿತ್ತು, ಕಂಪನಿಯವರು ಬಂದು ಖಾಲಿ ಮಾಡುವವರೆಗೆ ಆ ದುಡ್ಡು ಅಲ್ಲೇ ತುಂಬಿಕೊಂಡಿರುತ್ತಿತ್ತು, ಕಳ್ಳತನಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟರಲ್ಲಿ ಈ ಮೀಟರನ್ನೇ ಒಡೆದಿದ್ದರು. ಎರಡು, ಒಮ್ಮೆ ಕಳ್ಳತನವಾದ ಮನೆಯಲ್ಲಿ ಮತ್ತೆ ಆಗುವ ಸಾಧ್ಯತೆ ಬೇರೆ ಮನೆಗಳಿಗಿಂತ ಸುಮಾರು ನಾಲ್ಕು ಪಟ್ಟು.

ಕಳ್ಳನ ಕಡೆಯಿಂದ ನೋಡಿದರೆ ಇದರಲ್ಲಿ ವಿಚಿತ್ರ ಏನೂ ಇಲ್ಲ. ಮನೆಯ ಒಳಗು ಹೊರಗು ಗೊತ್ತಾಗಿದೆ. ಮುರಿದ ಕಿಟಕಿ ಇನ್ನೂ ಹಾಗೇ ಇರಬಹುದು. ಹೋದ ಟಿವಿ ಜಾಗದಲ್ಲಿ ಹೊಸದು ಬಂದಿರಬಹುದು. ಮೊದಲ ಸಲ ಹೊರಲಾರದೆ ಬಿಟ್ಟುಹೋದದ್ದೂ ಅಲ್ಲೇ ಇದೆ.

ಹಾಗಾಗಿ ಇಡೀ ಬಡಾವಣೆಗೆಲ್ಲ ಹಂಚುವ ಬದಲು, ಈಗಷ್ಟೇ ಕಳ್ಳತನವಾದ ಮನೆಗೇ ಶ್ರಮ ಹಾಕಿದರು. ನಾಣ್ಯದ ಮೀಟರ್ ತೆಗೆಸಿದರು. ಕಳ್ಳ ನುಗ್ಗಿದ್ದ ಬಾಗಿಲು ಕಿಟಕಿಯನ್ನೇ ಭದ್ರ ಮಾಡಿದರು. ಅಕ್ಕಪಕ್ಕದ ಐದಾರು ಮನೆಯವರನ್ನು ಕರೆದು, ಸ್ವಲ್ಪ ಇತ್ತ ಕಣ್ಣಿಟ್ಟಿರಿ ಅಂದರು. ಐದು ತಿಂಗಳಲ್ಲಿ ಕಳ್ಳತನ ಮೊದಲಿನ 40%ಕ್ಕೆ ಇಳಿಯಿತು. ಅದೇ ಮನೆಗೆ ಮತ್ತೆ ಬೀಳುವ ಕನ್ನ ಸೊನ್ನೆಗೆ ಬಂತು. ಕಳ್ಳರು ಪಕ್ಕದ ಪ್ರದೇಶಕ್ಕೆ ಜಾಗ ಬದಲಿಸಿದ ಸುಳಿವೂ ಸಿಗಲಿಲ್ಲ. ಆಮೇಲೆ ಎರಡನೇ ಹಂತದಲ್ಲಿ ಶಾಲೆ, ಸಾಲ, ಶಿಕ್ಷೆಯಾದವರ ಸಮಸ್ಯೆಗಳ ಕಡೆಗೂ ಗಮನ ಕೊಟ್ಟರು.

ಒಂದು ತಕರಾರು ಇದೆ, ಅದು ನಿಜವೂ ಹೌದು. ಇಷ್ಟೆಲ್ಲ ಒಟ್ಟಿಗೇ ಮಾಡಿದ್ದರಿಂದ ಯಾವುದು ಎಷ್ಟು ಕೆಲಸ ಮಾಡಿತು ಅಂತ ಬಿಡಿಸಿ ಹೇಳಲಾಗದು. ಬೇರೆ ಊರಿನವರು ಇದನ್ನು ನಕಲು ಮಾಡಲು ಹೋದಾಗ ಈ ತೊಡಕು ಎದುರಾಯಿತು. ಕೆಲವರು ನೆರೆಹೊರೆಯ ಕಾವಲನ್ನೇ ಮುಖ್ಯ ಅಂದುಕೊಂಡರು, ಕೆಲವರು ಬೀಗ ಚಿಲಕವನ್ನು. ಫಲಿತಾಂಶ ಒಂದೊಂದು ಕಡೆ ಒಂದೊಂದು ಥರ ಬಂತು. ನನ್ನ ಪ್ರಕಾರ ನಕಲು ಮಾಡಬೇಕಿದ್ದದ್ದು ಮೊದಲ ಕೆಲಸವನ್ನು, ಅಂದರೆ ಕಳ್ಳರನ್ನೂ ಸೇರಿಸಿ ಎಲ್ಲರನ್ನೂ ಕೇಳಿದ್ದನ್ನು. ನಾಣ್ಯದ ಮೀಟರೇ ಇಲ್ಲದ ಊರಿಗೆ ಕರ್ಕ್‌ಹೋಲ್ಟ್‌ನ ಉತ್ತರ ಹೇಗೆ ಹೊಂದಬೇಕು?